ಮನೆಯ ನಳಕ್ಕೆ ಮೀಟರು: ಒಪ್ಪುವದೋ ಬಿಡುವದೋ



ಜತ್ತ ತಾಲೂಕಿನ ಪೂರ್ವಭಾಗದ ನಮ್ಮ ಊರಿನಲ್ಲಿ ಈಗ ಎಲ್ಲಿ ನಾಲ್ಕು ಜನ ಕೂಡಿದರೂ ಒಂದೇ ಮಾತು. ಮನೆಮನೆಯ ನಳಕ್ಕೆ ಮೀಟರು ಕೂಡಿಸುವ ವಿಚಾರವನ್ನು ಬರುವ ಗ್ರಾಮಸಭೆಯ ಮುಂದೆ ಇಡುವದಾಗಿ ಪಂಚಾಯತಿಯವರು ಡಂಗುರ ಸಾರಿಸಿದ್ದಾರೆ. ಹಣಮಪ್ಪನ ಗುಡಿಯ ಕಟ್ಟೆಯ ಮೇಲೆ ಒಂದು ಪಕ್ಷ, ಹಿಟ್ಟಿನ ಗಿರಣಿಯ ಮುಂದೆ ಇನ್ನೊಂದು ಪಕ್ಷ. "ನೀರು ದೇವರು ಕೊಟ್ಟದ್ದು, ಅದಕ್ಕೆಂಥ ಅಳತೆ?" ಎಂದು ಹಿರಿಯರು ಕೇಳುವರು. "ಅಳತೆಯಿಲ್ಲದ್ದಕ್ಕೇ ನಮ್ಮ ಓಣಿಗೆ ಹನಿ ನೀರು ಬರುವದಿಲ್ಲ" ಎಂದು ಕೆಳಗಿನ ಓಣಿಯ ತಾಯಂದಿರು ಮರುನುಡಿಯುವರು. ಎರಡು ಮಾತುಗಳಲ್ಲಿಯೂ ಸತ್ಯಾಂಶವುಂಟು. ಆದರೆ ಕೈಯೆತ್ತುವ ದಿನ ಎರಡಕ್ಕೂ ಕೈಯೆತ್ತಲು ಬರುವದಿಲ್ಲವಾದ್ದರಿಂದ, ಈ ವಿಷಯದಲ್ಲಿ ನಮ್ಮ ಅಭಿಪ್ರಾಯವನ್ನು ಮುಚ್ಚುಮರೆಯಿಲ್ಲದೆ ತಿಳಿಸುವದು ನಮ್ಮ ಕರ್ತವ್ಯವೆಂದು ಭಾವಿಸಿದ್ದೇವೆ.

ನಮ್ಮದು ಸಹ್ಯಾದ್ರಿಯ ಮಳೆಯ ನೆರಳಿನ ಸೀಮೆ. 1972ರ ಬರವನ್ನು ಕಂಡ ಹಿರಿಯರು ಇನ್ನೂ ನಮ್ಮ ನಡುವೆ ಇದ್ದಾರೆ. ಅಂದು ಖಡಿ ಒಡೆಯಲು ಹೋದವರ ಅಂಗೈಯ ಗುರುತು ಅಳಿಸಿಲ್ಲ. ಕೃಷ್ಣೆಯ ನೀರನ್ನೆತ್ತುವ ಮ್ಹೈಸಾಳ ಯೋಜನೆ ಬಂದಿತಾದರೂ ತಾಲೂಕಿನ ಪೂರ್ವದ ಹಳ್ಳಿಗಳು ಬಹುಕಾಲ ಅದರ ಆಚೆಗೇ ಉಳಿದವು. ಬೇಸಿಗೆ ಬಂತೆಂದರೆ ಟ್ಯಾಂಕರಿನ ದಾರಿ ಕಾಯುವದು, ಟ್ಯಾಂಕರು ಬಂದ ದಿನ ಶಾಲೆಯ ಹಾಜರಿ ಪುಸ್ತಕದಲ್ಲಿ ಹೆಣ್ಣುಮಕ್ಕಳ ಹೆಸರಿನ ಮುಂದೆ ಗೈರುಹಾಜರಿಯ ಗುರುತು ಬೀಳುವದು, ಇವೆರಡನ್ನೂ ನಾವು ಮೂರು ದಶಕಗಳಿಂದ ನೋಡುತ್ತ ಬಂದಿದ್ದೇವೆ. ಇಂಥ ಊರಿನಲ್ಲಿ ನೀರಿನ ಪ್ರಶ್ನೆಯನ್ನು ಹಗುರಾಗಿ ಮಾತಾಡುವವರು ಯಾರೂ ಇಲ್ಲ. ಆದ್ದರಿಂದ ಸಿಟ್ಟಿನಿಂದ ಮಾತಾಡುವವರನ್ನೂ ನಾವು ತಪ್ಪೆನ್ನಲಾರೆವು.

ಅಳತೆ ಎಂಬುದು ನಮಗೆ ಹೊಸದಲ್ಲ. ಕಣದಲ್ಲಿ ಜೋಳದ ರಾಶಿ ಅಳೆಯುವಾಗ ಒಂದು ಎನ್ನದೆ 'ಲಾಭ' ಎಂದು ಎಣಿಕೆ ತೊಡಗುವ ಜನ ನಾವು. ಸೇರು, ಪಾವುಗಳ ಲೆಕ್ಕದಲ್ಲಿಯೇ ಆಯಗಾರರಿಗೆ ಕೊಟ್ಟವರು, ಕೊಂಡವರು. ಅಳತೆಯನ್ನು ನಮ್ಮ ಹಿರಿಯರು ಎಂದೂ ಹಗೆಯೆಂದು ತಿಳಿದಿರಲಿಲ್ಲ. ಅವರು ಅಂಜುತ್ತಿದ್ದುದು ಸಾಹುಕಾರನ ಅಂಗಡಿಯೊಳಗೆ, ಅವನ ಕೈಯಲ್ಲಿ, ಅವನ ಸೇರಿನಿಂದ ಆಗುವ ಅಳತೆಗೆ. ಕಣದ ಅಳತೆ ಇಬ್ಬರ ಕಣ್ಣ ಮುಂದೆ ಆಗುತ್ತಿತ್ತು. ಮೀಟರಿನ ವಿಷಯದಲ್ಲಿ ನಾವು ಕೇಳಬೇಕಾದ ಪ್ರಶ್ನೆಯೂ ಇದೇ: ಇದು ಕಣದ ಸೇರೋ, ಅಂಗಡಿಯ ಸೇರೋ?

ಮೊದಲು ಆ ಯಂತ್ರವನ್ನು ಅರಿತುಕೊಳ್ಳೋಣ. ಮನೆಗಳಿಗೆ ಸಾಮಾನ್ಯವಾಗಿ ಕೂಡಿಸುವ ಮೀಟರಿನ ಹೊಟ್ಟೆಯಲ್ಲಿ ಒಂದು ಚಿಕ್ಕ ರೆಕ್ಕೆಗಾಲಿ ಇರುತ್ತದೆ. ನೀರು ಹರಿದಾಗ ಅದು ತಿರುಗುವದು. ತಿರುಗಿದಷ್ಟು ಹಲ್ಲಿನ ಗಾಲಿಗಳು ಅಂಕೆಗಳನ್ನು ಮುಂದೆ ದೂಡುವವು. ಕಪ್ಪು ಅಂಕೆಗಳು ಕಿಲೋಲೀಟರುಗಳು, ಅಂದರೆ ಸಾವಿರ ಲೀಟರಿನ ಎಣಿಕೆ. ಕೆಂಪು ಬಣ್ಣದವು ಅದರೊಳಗಿನ ಭಾಗಗಳು. ನೀರು ಯಾವ ದಿಕ್ಕಿಗೆ ಹರಿಯಬೇಕೆಂಬುದಕ್ಕೆ ಮೈಮೇಲೆ ಬಾಣದ ಗುರುತಿರುವದು. ಇದರಲ್ಲಿ ಗೂಢವೇನೂ ಇಲ್ಲ. ಐದನೆಯ ಇಯತ್ತೆಯ ಹುಡುಗಿ ಓದಬಲ್ಲಳು. ಮನೆಯ ಎಲ್ಲ ನಳಗಳನ್ನು ಬಂದು ಮಾಡಿದ ಮೇಲೂ ಚಿಕ್ಕ ಗಾಲಿ ತಿರುಗುತ್ತಿದ್ದರೆ, ಮೀಟರಿನಿಂದ ಈಚೆಗೆ ಎಲ್ಲಿಯೋ ಸೋರಿಕೆ ಇದೆಯೆಂದು ತಿಳಿಯಬೇಕು. ಮೀಟರಿನ ಮೇಲೆ ಸಂಶಯ ಬಂದರೆ, ಲೀಟರು ಗೊತ್ತಿರುವ ಕೊಡವೊಂದನ್ನು ಹತ್ತು ಸಲ ತುಂಬಿ ಅಂಕೆಗೆ ತಾಳೆ ಹಾಕಿ ನೋಡಬಹುದು. ಇಷ್ಟರಮಟ್ಟಿಗೆ ಅದು ಕಣದ ಸೇರೇ ಸರಿ.

ಇನ್ನು ಈಗಿನ ವ್ಯವಸ್ಥೆ ಎಂಥದು? ವರ್ಷಕ್ಕೊಮ್ಮೆ ಎಲ್ಲರಿಗೂ ಒಂದೇ ಪಾಣಿಪಟ್ಟಿ. ಟಾಕಿಯ ಬುಡದಲ್ಲಿರುವವನು ಅಂಗಳ ತೊಳೆದು, ಗಾಡಿ ತೊಳೆದು, ತೆಂಗಿನ ಮರಕ್ಕೆ ಬಿಟ್ಟು, ಉಳಿದುದನ್ನು ಗಟಾರಕ್ಕೆ ಹರಿಸಿದರೂ ಅಷ್ಟೇ. ಕಡೆಯ ಓಣಿಯ ಮುದುಕಿ ಎರಡು ಕೊಡ ತುಂಬಿದರೂ ಅಷ್ಟೇ. ಒಂದು ನಿಮಿಷಕ್ಕೆ ಹದಿನೈದು ಲೀಟರಿನ ಕೊಡ ತುಂಬುವ ನಳವನ್ನು ಅರ್ಧ ತಾಸು ಮರೆತು ಬಿಟ್ಟರೆ 450 ಲೀಟರು ಹೋಯಿತು. ಈ ನೀರು ಹೋದದ್ದು ಗಟಾರಕ್ಕಾದರೂ ಕಳೆದುಕೊಂಡವಳು ಆ ಮುದುಕಿಯೇ.

ಇಲ್ಲಿ ನಮ್ಮದೊಂದು ತಪ್ಪನ್ನೂ ಒಪ್ಪಿಕೊಳ್ಳಬೇಕಾಗಿದೆ. ನಮ್ಮ ಮನೆ ಮೇಲಿನ ಓಣಿಯಲ್ಲಿದೆ. ಮೂರು ವರ್ಷಗಳ ಹಿಂದೆ ನಳಕ್ಕೆ ನೇರವಾಗಿ ಚಿಕ್ಕ ಮೋಟರನ್ನು ಕೂಡಿಸಿದೆವು. ಸುತ್ತಲಿನವರೆಲ್ಲ ಕೂಡಿಸಿದ್ದಾರೆಂಬುದೇ ನಮ್ಮ ಸಮಾಧಾನ. ಕೆಳಗಿನ ಓಣಿಯ ವಿದ್ಯಾರ್ಥಿನಿಯೊಬ್ಬಳು ತಡವಾಗಿ ಶಾಲೆಗೆ ಬಂದಾಗ ಕಾರಣ ಕೇಳಿದೆವು. "ಗುರುಗಳೇ, ಮ್ಯಾಲಿನ ಓಣಿ ಮೋಟರ್ ಬಂದ್ ಆದಮ್ಯಾಲೇ ನಮಗ ನೀರು ಬರ್ತದ್ರಿ" ಎಂದಳು. ಅವಳಿಗೆ ನಮ್ಮ ಮೋಟರಿನ ಸುದ್ದಿ ಗೊತ್ತಿತ್ತೋ ಇಲ್ಲವೋ, ಕೇಳುವ ಧೈರ್ಯ ನಮಗಾಗಲಿಲ್ಲ. ಮೋಟರು ನೀರನ್ನಷ್ಟೇ ಎಳೆಯುವದಿಲ್ಲ. ಪೈಪು ಬರಿದಾದಾಗ, ಒಡಕಿದ್ದಲ್ಲಿಂದ ಗಟಾರದ ಹೊಲಸನ್ನೂ ಒಳಗೆ ಎಳೆಯುವದು. ಆ ಮೋಟರನ್ನು ಈಗ ಬಿಚ್ಚಿಟ್ಟಿದ್ದೇವೆ. ಬಿಚ್ಚುವದಕ್ಕೆ ಮೂರು ವರ್ಷ ಹಿಡಿಯಿತೆಂಬುದನ್ನೂ ಇಲ್ಲಿಯೇ ಹೇಳಿಬಿಡುತ್ತೇವೆ.

ಹಾಗಾದರೆ ಮೀಟರನ್ನು ಕಣ್ಣುಮುಚ್ಚಿ ಒಪ್ಪಬೇಕೇ? ಅದನ್ನೂ ನಾವು ಹೇಳುವದಿಲ್ಲ. ನಮ್ಮ ಊರಿನ ನಳದ ಸ್ವಭಾವವನ್ನು ಬಲ್ಲವರಿಗೆ ಒಂದು ಸಂಗತಿ ಕೂಡಲೇ ಹೊಳೆಯುವದು. ನಾಲ್ಕು ದಿನಕ್ಕೊಮ್ಮೆ ನೀರು ಬಿಡುವ ಮೊದಲು ನಳ ಬುಸುಗುಟ್ಟುವದಿಲ್ಲವೇ? ಬರಿದಾದ ಪೈಪಿನೊಳಗೆ ತುಂಬಿದ ಗಾಳಿ ನೀರಿನ ಮುಂದೆ ಓಡಿ ಬರುವದು. ರೆಕ್ಕೆಗಾಲಿಗೆ ಗಾಳಿ ಯಾವುದು, ನೀರು ಯಾವುದು ಎಂಬ ಭೇದ ತಿಳಿಯದು; ಗಾಳಿಗೂ ಅದು ತಿರುಗುವದು, ತಿರುಗಿದ್ದಕ್ಕೆ ಅಂಕೆ ಏರುವದು. ಅಂದರೆ ಕೊಡಕ್ಕೆ ಹನಿ ಬೀಳುವ ಮೊದಲೇ ಬಡವನ ಲೆಕ್ಕಕ್ಕೆ ಲೀಟರುಗಳು ಬಿದ್ದಿರುವವು. ಕಡೆಯ ಓಣಿಯಲ್ಲಿ ಈ ಗಾಳಿಯ ಕಾಟ ಹೆಚ್ಚು. ಹೂಳು ಬಂದರೆ ಮೀಟರಿನ ಬಾಯಿಯ ಜರಡಿ ಕಟ್ಟಿಕೊಳ್ಳುವದು, ನೀರು ಇನ್ನೂ ಸಣ್ಣಗಾಗುವದು. ಇತ್ತ ಜಾಣನೊಬ್ಬನು ನಳವನ್ನು ಹನಿಹನಿಯಾಗಿ ಬಿಟ್ಟು ರಾತ್ರಿಯೆಲ್ಲ ಹೌದ ತುಂಬಿಸಿಕೊಂಡರೆ, ಅಷ್ಟು ಸಣ್ಣ ಹರಿವಿಗೆ ಮೀಟರು ಅಲುಗದಿರುವದೂ ಉಂಟು. (ಈ ಉಪಾಯವನ್ನು ಅಚ್ಚು ಹಾಕಿಸುವದು ಸರಿಯೇ ಎಂದು ಯೋಚಿಸಿದೆವು, ಬೇಕಾದವರಿಗೆ ಇದು ಮೊದಲೇ ಗೊತ್ತಿರುವದು.)

ಮೀಟರು ಚೆನ್ನಾಗಿ ನಡೆದ ಊರುಗಳೂ ಇವೆ. ಕರಾಡ ತಾಲೂಕಿನ ಮಲಕಾಪುರದಲ್ಲಿ ದಿನದ 24 ತಾಸೂ ನೀರು ಕೊಟ್ಟು ಮೀಟರಿನ ಪ್ರಕಾರ ಹಣ ಪಡೆಯುವ ಪದ್ಧತಿ ನೆಲೆಗೊಂಡಿತು. 2008ರ ಸುಮಾರಿಗೆ ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರ್ಗಿಗಳ ಕೆಲವು ವಿಭಾಗಗಳಲ್ಲಿಯೂ ಹಾಗೆಯೇ ಮಾಡಿದರು. ಆದರೆ ಅಲ್ಲಿ ನೀರು ಸದಾ ಪೈಪಿನಲ್ಲಿ ತುಂಬಿರುವಂತೆ ಮಾಡಿ ಅದಕ್ಕೆ ಅಳತೆಯಿಟ್ಟರು. ತುಂಬಿದ ಪೈಪಿನಲ್ಲಿ ಗಾಳಿಗೆ ಎಡೆಯಿಲ್ಲ, ಮೋಟರಿಗೂ ಕೆಲಸವಿಲ್ಲ. ನೀರನ್ನು ತರದೆ ಮೀಟರನ್ನು ಮಾತ್ರ ತಂದರೆ, ಬೆಳೆಯಿಲ್ಲದ ಕಣಕ್ಕೆ ಸೇರು ತಂದಂತಾಗುವದು.

ಆದಕಾರಣ ಮೊದಲ ಮೀಟರು ಕೂಡಬೇಕಾದದ್ದು ಟಾಕಿಯ ಹೊರಬಾಯಿಗೆ. ಅಲ್ಲಿಂದ ಎಷ್ಟು ನೀರು ಹೊರಟಿತು, ಯಾವ ಓಣಿಗೆ ಎಷ್ಟು ಹೋಯಿತು ಎಂಬುದನ್ನು ಪಂಚಾಯತಿಯು ವಾರಕ್ಕೊಮ್ಮೆ ಚಾವಡಿಯ ಹಲಗೆಯ ಮೇಲೆ ಬರೆಯಲಿ. ಹೊರಟದ್ದಕ್ಕೂ ಮನೆಗಳಿಗೆ ಮುಟ್ಟಿದ್ದಕ್ಕೂ ಇರುವ ಅಂತರ ನೆಲದೊಳಗಿನ ಸೋರಿಕೆಯದು, ಇಲ್ಲವೆ ಕಳ್ಳ ಜೋಡಣೆಯದು. ತನ್ನ ಟಾಕಿಯ ಲೆಕ್ಕ ಕೊಡಲಾರದ ಪಂಚಾಯತಿಯು ಬಡವನ ಕೊಡದ ಲೆಕ್ಕ ಕೇಳುವದು ನ್ಯಾಯವಲ್ಲ. ಮುಖ್ಯ ಕೊಳವೆಯ ಎತ್ತರದ ಜಾಗಗಳಲ್ಲಿ ಗಾಳಿ ಹೊರಹೋಗುವ ಕವಾಟಗಳು ಬೇಕು. ಮನೆಯ ಮೀಟರು ಬಂದ ಮೇಲೆಯೂ ಮೊದಲ ಆರು ತಿಂಗಳು ಅಂಕೆಯನ್ನು ಬರೆದುಕೊಳ್ಳಲಿ, ಹಣ ಕೇಳದಿರಲಿ. ಆ ಅವಧಿಯಲ್ಲಿ ಯಾವ ಮೀಟರು ಗಾಳಿ ತಿನ್ನುವದು, ಯಾವುದು ನೀರು ಕುಡಿಯುವದು ಎಂಬುದು ಬೈಲಿಗೆ ಬೀಳುವದು.

ದರದ ಮಾತು ಇದಕ್ಕಿಂತ ಬಿಗಿಯಾದದ್ದು. 2019ರಲ್ಲಿ ಆರಂಭವಾದ ಜಲಜೀವನ ಯೋಜನೆಯು ಆಳಿಗೆ ದಿನಕ್ಕೆ 55 ಲೀಟರೆಂದು ಗೊತ್ತುಪಡಿಸಿತು. ಐವರ ಮನೆಗೆ ದಿನಕ್ಕೆ 275, ಮೂವತ್ತು ದಿನಕ್ಕೆ 8,250 ಲೀಟರು. ಮೀಟರಿನ ಭಾಷೆಯಲ್ಲಿ ಎಂಟೂಕಾಲು ಕಿಲೋಲೀಟರು. ಇಷ್ಟರವರೆಗೆ ಅತ್ಯಂತ ಕಡಿಮೆ ದರವಿರಲಿ, ಮೇಲಕ್ಕೆ ಹೋದಂತೆ ಏರಲಿ ಎನ್ನುವದು ಯೋಗ್ಯವೇ. ಆದರೆ ಮನೆಗೆ ಇಷ್ಟು ಎಂದು ಗೆರೆ ಎಳೆದರೆ, ಹನ್ನೆರಡು ಜನರ ಕೂಡು ಕುಟುಂಬ ದಂಡ ತೆತ್ತೀತು, ಪುಣೆಗೆ ಹೋಗಿ ನೆಲೆಸಿದವರ ಇಬ್ಬರಿರುವ ಮಹಡಿಮನೆ ಅಗ್ಗದಲ್ಲಿ ಉಳಿದೀತು. ಗೆರೆ ಎಳೆಯುವದು ಪಡಿತರ ಚೀಟಿಯಂತೆ ತಲೆಯೆಣಿಕೆಯ ಮೇಲಿರಬೇಕು. ಮತ್ತೆ ದನಕರುಗಳು? ಆ 55 ಲೀಟರಿನಲ್ಲಿ ಅವುಗಳ ಪಾಲಿಲ್ಲ. ಬೇಸಿಗೆಯಲ್ಲಿ ಒಂದು ಎಮ್ಮೆ ಒಬ್ಬ ಮನುಷ್ಯನ ಪಾಲಿಗಿಂತ ಕಡಿಮೆ ಕುಡಿಯುವದಿಲ್ಲ. ಒಂದೆಮ್ಮೆಯ ಹಾಲಿನ ಮೇಲೆ ಬದುಕುವ ವಿಧವೆಗೆ ಅಂಗಳ ತೊಳೆಯುವವನ ದರ ಹಾಕಬಾರದು. ಊರ ದನಗಳಿಗೆ ಪಂಚಾಯತಿಯ ಖರ್ಚಿನಲ್ಲಿ ಕುಡಿಯುವ ತೊಟ್ಟಿಗಳಿರಬೇಕೆಂದು ಠರಾವಿನಲ್ಲಿಯೇ ಬರೆಯಿಸತಕ್ಕದ್ದು.

ಕೊನೆಯದಾಗಿ ಕಾಗದದ ಭಾಷೆ. ಮೀಟರಿನ ಅಂಕೆ ಯಾವ ಭಾಷೆಯದೂ ಅಲ್ಲ, ಆದರೆ ಬಿಲ್ಲಿಗೆ ಭಾಷೆಯಿದೆ. "ಇಷ್ಟು ದಿನದೊಳಗೆ ತಕರಾರು ಕೊಡತಕ್ಕದ್ದು" ಎಂಬ ಸಾಲನ್ನು ಓದಲಾರದವನಿಗೆ ತಕರಾರಿನ ಹಕ್ಕು ಇದ್ದೂ ಇಲ್ಲದಂತೆ. ನಮ್ಮ ಮಕ್ಕಳು ಮರಾಠಿಯನ್ನು ಚೆನ್ನಾಗಿ ಕಲಿಯುತ್ತಿದ್ದಾರೆ, ಕಲಿಯಲೂ ಬೇಕು. ಆದರೆ ಮನೆಯಲ್ಲಿ ನೀರು ತುಂಬುವವರು ಅವರ ಅಜ್ಜಿ, ತಾಯಂದಿರು. ಅಲ್ಪಸಂಖ್ಯಾತ ಭಾಷಿಕರು ಶೇಕಡಾ 15ಕ್ಕೆ ಕಡಿಮೆಯಿಲ್ಲದ ಭಾಗಗಳಲ್ಲಿ ಮುಖ್ಯ ಪ್ರಕಟಣೆಗಳು ಅವರ ಭಾಷೆಯಲ್ಲಿಯೂ ಬರಬೇಕೆಂಬ ರಕ್ಷಣೆಯನ್ನು ಸರಕಾರವೇ ಒಪ್ಪಿದೆ. ಆದ್ದರಿಂದ ಬಿಲ್ಲು, ನಿಯಮ, ತಕರಾರಿನ ಅರ್ಜಿ ಮರಾಠಿಯ ಜೊತೆಗೆ ಕನ್ನಡದಲ್ಲಿಯೂ ಇರಲೆಂದು ಕೇಳುವದರಲ್ಲಿ ಹಟವೇನೂ ಇಲ್ಲ.

ಈ ಮಾತುಗಳು ಠರಾವಿನಲ್ಲಿ ಸೇರುವದಾದರೆ ಮೀಟರನ್ನು ಒಪ್ಪಬೇಕೆಂಬುದು ನಮ್ಮ ಮತ. ಸೇರದಿದ್ದರೆ ಈ ಸಲ ಬೇಡವೆಂದು ಹೇಳಿ, ಟಾಕಿಯ ಮೀಟರನ್ನು ಮಾತ್ರ ಕೂಡಿಸಿರೆಂದು ಬರೆಯಿಸಬೇಕು. ಸುಮ್ಮನೆ ಎದ್ದು ಬಂದರೆ, ನಮ್ಮ ಗೈರುಹಾಜರಿಯಲ್ಲಿಯೇ ಒಪ್ಪಿಗೆ ಬರೆದುಕೊಂಡಾರು.

ಗ್ರಾಮಸಭೆಗೆ ಮುಂಚೆ ಮಹಿಳೆಯರ ಸಭೆ ಆಗಬೇಕೆಂದು ಮಹಾರಾಷ್ಟ್ರದ ಗ್ರಾಮಪಂಚಾಯತಿ ಕಾಯಿದೆ ಹೇಳುವದು. ನೀರಿನ ಸಮಿತಿಯಲ್ಲಿ ಅರ್ಧದಷ್ಟು ಸ್ತ್ರೀಯರಿರಬೇಕೆಂಬುದು ಜಲಜೀವನದ ಕಟ್ಟಳೆ. ಸಹಿಯನ್ನು ಮನೆಗೆ ಕಳಿಸಿ ತರಿಸಿಕೊಳ್ಳುವದು ಸಭೆಯಲ್ಲ. ಕೆಳಗಿನ ಓಣಿಯ ತಾಯಂದಿರು ಅಂದು ಸ್ವತಃ ಬರಬೇಕು, ಬರುವಾಗ ಹಿಂದಿನ ವರ್ಷದ ಪಾಣಿಪಟ್ಟಿಯ ಪಾವತಿಯನ್ನು ತರಬೇಕು. ಬಿಲ್ಲನ್ನೂ ಮೀಟರನ್ನೂ ಓದುವದನ್ನು ಕಲಿಯಬಯಸುವವರಿಗಾಗಿ ಸಭೆಯ ಹಿಂದಿನ ದಿನ ಸಂಜೆ ಶಾಲೆಯ ಬಾಗಿಲು ತೆರೆದಿರುವದು. ಒಂದು ಹಳೆಯ ಮೀಟರನ್ನು ಬಿಚ್ಚಿ ಮೇಜಿನ ಮೇಲೆ ಇಟ್ಟಿರುತ್ತೇವೆ.