ಊಹೆ ಬೇಡ, ಅಳೆದು ನೋಡಿ



ರತ್ನಗಿರಿಯಿಂದ ಮಡಕಶಿರಾಕ್ಕೆ ಹೋಗಿ ಬರೋದು ತಡವಾದರೆ ನಾವು ಬೈಯೋದು ಬಸ್ಸನ್ನು. ಗಡಿಯಾರ ಹಿಡಿದು ಲೆಕ್ಕ ಹಾಕಿದರೆ ತಾನೇ ಗೊತ್ತಾಗೋದು, ಬಸ್ಸು ಓಡಿದ್ದೆಷ್ಟು, ನಾವು ನಿಂತು ಕಾದದ್ದೆಷ್ಟು ಅಂತ? ಪ್ರೋಗ್ರಾಂ ನಿಧಾನವಾದಾಗಲೂ ಹೀಗೇ. "ಲ್ಯಾಬ್ ಕಂಪ್ಯೂಟರ್ ಹಳೇದು ಸಾರ್" ಅಂದುಬಿಡ್ತೀರಿ. ತಪ್ಪು ಯಂತ್ರದ್ದೋ, ನಾವು ಬರೆದದ್ದರದ್ದೋ ಎಂದು ಅಳೆಯದೆ ಹೇಳಬಾರದು ಎಂಬುದು ನನ್ನ ವಾದ.

ಅಳೆಯುವ ಸಾಧನದ ಹೆಸರು ಪ್ರೊಫೈಲರ್. ಪೈಥಾನ್ ಜೊತೆಗೇ ಸಿ-ಪ್ರೊಫೈಲ್ ಎಂಬುದು ಬರುತ್ತದೆ. ದುಡ್ಡು ಬೇಡ, ಇಂಟರ್ನೆಟ್ಟೂ ಬೇಡ. ಕಮಾಂಡ್ ಲೈನಿನಲ್ಲಿ ಒಂದು ಸಾಲು ಟೈಪ್ ಮಾಡಿದರೆ, ಯಾವ ಫಂಕ್ಷನ್ ಎಷ್ಟು ಸಲ ಓಡಿತು, ಎಷ್ಟು ಸಮಯ ತಿಂದಿತು ಎಂಬ ಪಟ್ಟಿ ಪರದೆಯ ಮೇಲೆ ಬರುತ್ತದೆ.

ಪಟ್ಟಿಯಲ್ಲಿ ಎರಡು ಕಾಲಂ ಮುಖ್ಯ. ಟಾಟ್‌ಟೈಮ್ ಅಂದರೆ ಆ ಫಂಕ್ಷನ್ ಸ್ವತಃ ತೆಗೆದುಕೊಂಡ ಸಮಯ. ಕ್ಯುಮ್‌ಟೈಮ್ ಅಂದರೆ ಅದು ಕರೆದ ಬೇರೆ ಫಂಕ್ಷನ್‌ಗಳ ಸಮಯವೂ ಸೇರಿ. ಅಡುಗೆಗೆ ಒಂದು ಗಂಟೆ ಆಯಿತು, ಅದರಲ್ಲಿ ಅರ್ಧ ಗಂಟೆ ನೀರು ತರಲು ಹೋದವನಿಗೆ ಕಾದದ್ದು ಅನ್ನಿ. ಒಲೆ ಬದಲಾಯಿಸಿದರೆ ಆ ಅರ್ಧ ಗಂಟೆ ಉಳಿಯುತ್ತದೆಯೇ?

ಒಂದು ಉದಾಹರಣೆ. ಫಿಬೊನಾಚಿ ಸರಣಿಯಲ್ಲಿ ಪ್ರತಿ ಸಂಖ್ಯೆ ಹಿಂದಿನ ಎರಡರ ಮೊತ್ತ. ತನ್ನನ್ನೇ ಕರೆದುಕೊಳ್ಳುವ ಸರಳ ಫಂಕ್ಷನ್ ಬರೆದು, ಸೊನ್ನೆಯಿಂದ ಎಣಿಸಿ 30ನೆಯ ಸಂಖ್ಯೆ ಕೇಳಿ. ಉತ್ತರ 8,32,040. ಅದಕ್ಕಾಗಿ ಫಂಕ್ಷನ್ ಓಡಿದ್ದು 26,92,537 ಸಲ! ಒಮ್ಮೆ ಸಿಕ್ಕ ಉತ್ತರವನ್ನು ಬರೆದಿಟ್ಟುಕೊಳ್ಳುವಂತೆ ತಿದ್ದಿದರೆ 59 ಸಲ ಸಾಕು. ಕಂಪ್ಯೂಟರ್ ಅದೇ ಹಳೇದು. ಬದಲಾದದ್ದು ನಮ್ಮ ಯೋಚನೆ.

"ಚಿತ್ರ, ಬಣ್ಣ ಇದ್ದರೆ ಸುಲಭ ಅಲ್ವಾ?" ಅಂತ ಕೇಳಬಹುದು. ಹೌದು, ದೊಡ್ಡ ಪ್ರೋಗ್ರಾಮಿಗೆ ಚಿತ್ರ ಉಪಯುಕ್ತವೇ. ಆದರೆ ಎಲ್ಲ ಕಂಪ್ಯೂಟರೂ ನಮ್ಮ ಮುಂದೆ ಇರುವುದಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಆರಂಭವಾದ ಪರಮ್ ಪ್ರವೇಗ ಸೂಪರ್ ಕಂಪ್ಯೂಟರಿನ ಸಾಮರ್ಥ್ಯ 3.3 ಪೆಟಾಫ್ಲಾಪ್. ಸಂಶೋಧಕರು ಅದರ ಪಕ್ಕ ಕೂತು ಕೆಲಸ ಮಾಡುವುದಿಲ್ಲ. ಎಸ್‌ಎಸ್‌ಎಚ್ ಮೂಲಕ ದೂರದಿಂದಲೇ ಒಳಹೊಕ್ಕು ಆಜ್ಞೆ ಟೈಪ್ ಮಾಡುತ್ತಾರೆ. ಇಂಥ ಕಡೆ ಪ್ರೊಫೈಲರ್ ಫಲಿತಾಂಶವನ್ನು ಫೈಲಿನಲ್ಲಿ ಉಳಿಸಿ, ಪಿ-ಸ್ಟಾಟ್ಸ್‌ನಂಥ ಸಾಧನದಿಂದ ತೆರೆದು, ಹೆಚ್ಚು ಸಮಯ ತಿಂದ ಮೊದಲ ಹತ್ತು ಸಾಲು ಮಾತ್ರ ನೋಡಬಹುದು. ಬರೀ ಅಕ್ಷರ, ಅಂಕಿ ಆದ್ದರಿಂದ ನೆಟ್ ನಿಧಾನವಿದ್ದರೂ ಬರುತ್ತದೆ. ಬೇಕಾದರೆ ಆ ಫೈಲನ್ನೇ ನಮ್ಮ ಕಂಪ್ಯೂಟರಿಗೆ ತಂದುಕೊಳ್ಳಬಹುದು.

ಒಂದು ಎಚ್ಚರಿಕೆ: ಅಳೆಯುವಾಗ ಪ್ರೊಫೈಲರ್ ತಾನೂ ಸ್ವಲ್ಪ ಸಮಯ ತಿನ್ನುತ್ತದೆ. ಆದ್ದರಿಂದ ತಿದ್ದಿದ ಮೇಲೆ ಅದಿಲ್ಲದೆಯೂ ಓಡಿಸಿ ನೋಡಿ.

ಕನ್ನಡ ಮಾಧ್ಯಮ, ಗಡಿ ಊರು, ಹಳೇ ಲ್ಯಾಬು, ನಮಗೆ ಇದೆಲ್ಲಾ ಆಗದು ಅಂತ ಕೆಲವರು ಹಿಂಜರಿಯುತ್ತೀರಿ. ಆ ಪಟ್ಟಿ ಓದಲು ಬೇಕಾದದ್ದು ನಾಲ್ಕೈದು ಇಂಗ್ಲಿಷ್ ಪದ, ಮಿಕ್ಕಿದ್ದೆಲ್ಲಾ ಅಂಕಿ. ಅಂಕಿ ಎಲ್ಲ ಮಾಧ್ಯಮಕ್ಕೂ ಒಂದೇ. ಈ ವಾರ ನಿಮ್ಮ ಒಂದು ಪ್ರೋಗ್ರಾಂ ತಗೊಳ್ಳಿ. ಎಲ್ಲಿ ನಿಧಾನ ಅಂತ ನಿಮ್ಮ ಊಹೆಯನ್ನು ಮೊದಲು ನೋಟ್‌ಬುಕ್ಕಲ್ಲಿ ಬರೆಯಿರಿ, ಆಮೇಲೆ ಅಳೆಯಿರಿ. ಊಹೆ ತಪ್ಪಾದರೆ ನಾಚಿಕೆ ಬೇಡ. ವಿಜ್ಞಾನ ಶುರುವಾಗೋದೇ ಅಲ್ಲಿ.