ಹೆಬ್ಬೆಟ್ಟಿನ ಬೆಲೆ

ಕನ್ನಡದಲ್ಲಿ ಹೆಬ್ಬೆಟ್ಟಿಗೆ ಎಂದೂ ಮರ್ಯಾದೆ ಇದ್ದುದಿಲ್ಲ. ಅಕ್ಷರ ಬಾರದವನನ್ನು ಹೀಗಳೆಯುವುದಕ್ಕೆ ಆ ಒಂದು ಮಾತೇ ಸಾಕಾಗಿತ್ತು. ರುಜು ಹಾಕುವವರು ಮೇಲಿನವರು, ಹೆಬ್ಬೆಟ್ಟು ಒತ್ತುವವರು ಕೆಳಗಿನವರು. ಕಾಲದ ವಿನೋದವೆಂದರೆ, ಇಂದು ಎಂ.ಎ. ಪಾಸಾದವರೂ ಎಂಜಿನಿಯರರೂ ನಿವೃತ್ತ ನ್ಯಾಯಾಧೀಶರೂ ಸರ್ಕಾರಿ ಕಚೇರಿಯ ಪುಟ್ಟ ಗಾಜಿನ ಮೇಲೆ ಬೆರಳೂರಿಯೇ ತಾವು ತಾವೇ ಎಂಬುದನ್ನು ಸ್ಥಿರಪಡಿಸಬೇಕಾಗಿದೆ.

ಈ ಪದ್ಧತಿಯ ಮೂಲವೂ ಭಾರತದಲ್ಲೇ ಉಂಟು. 1858ರಲ್ಲಿ ಬಂಗಾಳದ ಜಂಗೀಪುರದಲ್ಲಿದ್ದ ವಿಲಿಯಂ ಹರ್ಷೆಲ್ ಎಂಬ ಆಂಗ್ಲ ಅಧಿಕಾರಿ, ಗುತ್ತಿಗೆದಾರನು ಮಾತಿಗೆ ತಪ್ಪದಿರಲೆಂದು ಕರಾರುಪತ್ರದ ಬೆನ್ನಿಗೆ ಅವನ ಅಂಗೈಯ ಅಚ್ಚನ್ನೇ ಒತ್ತಿಸಿಕೊಂಡನು. ಆಳನ್ನು ಬದಲಿಸಿ ಅನ್ಯರ ಆಸ್ತಿಯನ್ನು ಕ್ರಯಮಾಡಿಕೊಡುವ ವಂಚಕರ ಭಯ ಸ್ವತಂತ್ರ ಭಾರತದಲ್ಲೂ ತಪ್ಪಲಿಲ್ಲ. 1908ರ ನೋಂದಣಿ ಕಾಯಿದೆಗೆ 2001ರಲ್ಲಿ ಮಾಡಿದ ತಿದ್ದುಪಡಿ, ಪತ್ರದ ಮೇಲೆ ಭಾವಚಿತ್ರವನ್ನೂ ಬೆರಳ ಗುರುತನ್ನೂ ಕಡ್ಡಾಯಗೊಳಿಸಿತು. ಅದು ನ್ಯಾಯವಾದ ವಿಧಿಯೇ.

ಸಿ.ಐ.ಟಿ.ಬಿ. ಹಂಚಿದ ನಿವೇಶನಗಳಲ್ಲಿ ಎದ್ದ ರಾಜಾಜಿನಗರದ ಮನೆಗಳು ಈಗ ಮಕ್ಕಳ, ಮೊಮ್ಮಕ್ಕಳ ಪಾಲಾಗುತ್ತಿವೆ. ವಿಭಾಗಪತ್ರ, ದಾನಪತ್ರ, ಕ್ರಯಪತ್ರ; ವಿಜಯನಗರವಾಗಲಿ ಕೆಂಗೇರಿಯಾಗಲಿ, ಇವಿಲ್ಲದ ಸಂಸಾರ ವಿರಳ. ಹಿಂದೆ ಇವುಗಳ ನಕಲು ಬೇಕಾದರೆ ಉಪನೋಂದಣಾಧಿಕಾರಿಗಳ ಕಚೇರಿಯ ಜಗಲಿಯಲ್ಲಿ ದಿನಗಟ್ಟಲೆ ಕಾಯಬೇಕಾಗಿತ್ತು. ಮಧ್ಯವರ್ತಿಯ ಕೈ ಬೆಚ್ಚಗೆ ಮಾಡುವ ಖರ್ಚು ಬೇರೆ. ‘ಕಾವೇರಿ’ ಎಂಬ ತಂತ್ರಾಂಶ, ಅದರಲ್ಲಿಯೂ 2023ರಲ್ಲಿ ರಾಜ್ಯದಾದ್ಯಂತ ಬಳಕೆಗೆ ಬಂದ ಅದರ ಎರಡನೆಯ ಆವೃತ್ತಿ, ಆ ಬವಣೆಯನ್ನು ಬಹುಮಟ್ಟಿಗೆ ಹಗುರಮಾಡಿತು. ಶುಲ್ಕ ಕಟ್ಟಿದವನಿಗೆ ಪತ್ರದ ಪ್ರತಿ ಮನೆಯಲ್ಲೇ ದೊರೆಯತೊಡಗಿತು. ನೋಂದಣಿಯಾದ ಪತ್ರವನ್ನು ಯಾರು ಬೇಕಾದರೂ ನೋಡಬಹುದೆಂಬುದು ಹಳೆಯ ಕಾನೂನು. ಅದೂ ಸರಿಯೆ. ಮುಚ್ಚಿಟ್ಟ ದಾಖಲೆಯನ್ನು ನಂಬಿ ಮನೆ ಕೊಳ್ಳುವವರುಂಟೆ?

ಆದರೆ ಒಂದು ಕ್ರಯಪತ್ರದಲ್ಲಿ ಏನೇನಿರುತ್ತದೆ ಎಂಬುದನ್ನು ಗಮನಿಸಬೇಕು. ಬಸವೇಶ್ವರನಗರದಲ್ಲಿ ಮನೆ ಮಾರಿದ ನಿವೃತ್ತ ಗುಮಾಸ್ತರೊಬ್ಬರನ್ನು ಊಹಿಸಿಕೊಂಡರೆ ಸಾಕು. ಪತ್ರದ ಮೊದಲಲ್ಲಿ ಅವರ ಹೆಸರಿನೊಡನೆ ಆಧಾರ್ ಸಂಖ್ಯೆ, ನಡುವೆ, ಹಣ ಸಂದ ಬಗೆಯನ್ನು ಹೇಳುವಲ್ಲಿ ಬ್ಯಾಂಕಿನ ಹೆಸರು, ಕಡೆಯಲ್ಲಿ ಹೆಬ್ಬೆಟ್ಟು. ಅತ್ತ ಬ್ಯಾಂಕಿಲ್ಲದ ಹಳ್ಳಿಗಳ ಅನುಕೂಲಕ್ಕೆಂದು ಏರ್ಪಟ್ಟ ಆಧಾರ್ ಆಧಾರಿತ ಪಾವತಿ ವ್ಯವಸ್ಥೆಯಲ್ಲಿ ಹಣ ತೆಗೆಯಲು ಬೇಕಾದುದೂ ಈ ಮೂರೇ: ಸಂಖ್ಯೆ, ಬ್ಯಾಂಕಿನ ಹೆಸರು, ಬೆರಳು. ಚೆಕ್ಕು ಬೇಡ, ಗುಪ್ತಪದ ಬೇಡ, ಮೊಬೈಲಿಗೆ ಬರುವ ಓ.ಟಿ.ಪಿ.ಯೂ ಬೇಡ. ಅಕ್ಷರ ಬಾರದವರಿಗೆ ಅದೊಂದು ಉಪಕಾರವೆಂಬುದರಲ್ಲಿ ಸಂದೇಹವಿಲ್ಲ. ಆದರೆ ನೋಂದಣಿ ಕಚೇರಿಯಲ್ಲಿ ಸಾಕ್ಷಿಯಾಗಿದ್ದ ಹೆಬ್ಬೆಟ್ಟು ಇಲ್ಲಿ ತಿಜೋರಿಯ ಬೀಗದ ಕೈಯಾಗಿತ್ತು. ಎರಡು ಇಲಾಖೆಗಳೂ ತಂತಮ್ಮ ಕೆಲಸವನ್ನು ನೆಟ್ಟಗೆ ಮಾಡುತ್ತಿದ್ದುವು. ಎರಡನ್ನೂ ಒಟ್ಟಿಗೆ ನೋಡುವ ಕಣ್ಣು ಮಾತ್ರ ಇರಲಿಲ್ಲ.

ಆ ಕಣ್ಣು ಕಳ್ಳರಿಗಿತ್ತು! 2023ರಲ್ಲಿ ಬೆಂಗಳೂರಿನ ಪೊಲೀಸರ ಮುಂದೆ ಒಂದೇ ಬಗೆಯ ದೂರುಗಳು ಬರತೊಡಗಿದುವು. ಆಸ್ತಿ ನೋಂದಣಿ ಮಾಡಿಸಿದ ಜನ; ಅವರ ಖಾತೆಯಿಂದ ಒಂದೊಂದು ಸಲಕ್ಕೆ ಹತ್ತು ಸಾವಿರದವರೆಗೆ ಹಣ ಮಾಯ. ಕಾವೇರಿಯ ಜಾಲತಾಣದಿಂದ ಇಳಿಸಿಕೊಂಡ ಪತ್ರಗಳಲ್ಲಿನ ಬೆರಳ ಗುರುತಿನಿಂದ ಕೃತಕ ಬೆರಳುಗಳನ್ನು ತಯಾರಿಸಿದ್ದು ತನಿಖೆಯಲ್ಲಿ ಹೊರಬಿದ್ದಿತು. ಕಳುವಾದ ಬೀಗದ ಕೈಯನ್ನು ಬದಲಿಸಬಹುದು, ಗುಪ್ತಪದವನ್ನು ಬದಲಿಸಬಹುದು. ಬೆರಳನ್ನು?

ಪತ್ರಗಳ ಪ್ರತಿಯಲ್ಲಿ ಬೆರಳ ಗುರುತು ಕಾಣದಂತೆ ಮಾಡುವ ಕ್ರಮಕ್ಕೆ ಸರ್ಕಾರ ಆಮೇಲೆ ಮುಂದಾಯಿತು. ನಾಗರಿಕರಿಗೆ ಸಿಕ್ಕಿದ ಸಲಹೆ, ಆಧಾರ್‌ನಲ್ಲಿ ತಮ್ಮ ಬೆರಳಿಗೆ ತಾವೇ ಬೀಗ ಹಾಕಿಕೊಳ್ಳಬೇಕೆಂಬುದು. ಆ ಸೌಲಭ್ಯ ಒಳ್ಳೆಯದೇ; ಮೊಬೈಲಿನಲ್ಲಿ ಕ್ಷಣಮಾತ್ರದ ಕೆಲಸ. ಎಪ್ಪತ್ತು ದಾಟಿದ ಅಜ್ಜಿಯ ಪಾಲಿಗೆ ಅದು ಮೊಮ್ಮಗನ ಕೆಲಸ. ಪ್ರತಿಯೊಂದು ಮನೆಯಲ್ಲಿಯೂ ಈಗ ಇಂಥ ಒಬ್ಬ ಮುದ್ರಾಧಿಕಾರಿ ಇದ್ದಾನೆ. ಇಲ್ಲದ ಮನೆಯ ಗತಿಯೇನೆಂದು ಯಾವ ಸುತ್ತೋಲೆಯೂ ಹೇಳುವುದಿಲ್ಲ. ದೋಷ ವ್ಯವಸ್ಥೆಯದು, ಬೀಗ ಹಾಕುವ ಹೊಣೆ ಪ್ರಜೆಯದು ಎಂಬ ಈ ಹಂಚಿಕೆ ನ್ಯಾಯವೆನಿಸುವುದಿಲ್ಲ.

2024ರ ಅಕ್ಟೋಬರಿನಿಂದ ಬೆಂಗಳೂರಿನಲ್ಲಿ ಆಸ್ತಿಯ ನೋಂದಣಿಗೆ ಇ-ಖಾತೆ ಕಡ್ಡಾಯವಾಯಿತು. ನಗರಪಾಲಿಕೆಯ ಕಡತ ನೋಂದಣಿ ಇಲಾಖೆಯ ಕಡತದೊಡನೆ ಮಾತನಾಡತೊಡಗಿತು. ಒಂದೇ ನಿವೇಶನವನ್ನು ಇಬ್ಬರಿಗೆ ಮಾರುವವರಿಗೆ ಇದರಿಂದ ತೊಡಕಾಗುತ್ತದೆ, ಅಷ್ಟರಮಟ್ಟಿಗೆ ಸ್ವಾಗತಾರ್ಹ. ಆದರೆ ಯಾವ ಇಲಾಖೆ ಯಾರಿಗೆ ಎಷ್ಟನ್ನು ತೋರಿಸಬೇಕು ಎಂಬ ಪ್ರಶ್ನೆ ಹೊಸ ಕೊಂಡಿ ಬಿದ್ದಾಗಲೆಲ್ಲ ಮೊದಲು ಬರಬೇಕು. ದೂರು ದಾಖಲಾದ ಮೇಲಲ್ಲ.

ಹಣ ಹೋದದ್ದು ಕಂಡೊಡನೆ 1930ಕ್ಕೆ ಕರೆಮಾಡಿ, ಬ್ಯಾಂಕಿಗೂ ಲಿಖಿತವಾಗಿ ತಿಳಿಸಬೇಕು. ಗ್ರಾಹಕನ ತಪ್ಪಿಲ್ಲದೆ ಅನ್ಯರಿಂದಾದ ವಂಚನೆಯನ್ನು ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ನಷ್ಟದ ಹೊಣೆ ಅವನದಲ್ಲವೆಂದು ರಿಸರ್ವ್ ಬ್ಯಾಂಕು 2017ರ ಜುಲೈನ ಸುತ್ತೋಲೆಯಲ್ಲೇ ಹೇಳಿತ್ತು. ಆಧಾರ್ ಕುರಿತ ವಿಚಾರಣೆಗೆ 1947, ಮರೆಯುವ ಸಂಖ್ಯೆಯಲ್ಲ. ಮನೆ ಮಾರಿದವರು, ಪಾಲು ಮಾಡಿಕೊಂಡವರು ಈ ವಾರವೇ ಬೀಗ ಹಾಕಿಸುವುದು ಲೇಸು. ಏಕೆಂದರೆ ಕಂಪ್ಯೂಟರಿನ ಪ್ರತಿಯಲ್ಲಿ ಗುರುತು ಮರೆಯಾದರೂ, ಅದಕ್ಕೆ ಮುಂಚೆ ತೆಗೆದ ನಕಲುಗಳು ಸಾಲ ಕೊಡುವವರ ಕಡತಗಳಲ್ಲಿ, ದಲ್ಲಾಳಿಗಳ ಚೀಲಗಳಲ್ಲಿ, ಜೆರಾಕ್ಸ್ ಅಂಗಡಿಗಳ ರದ್ದಿಯಲ್ಲಿ ಉಳಿದೇ ಇರುತ್ತವೆ.