ಕೇರಿಯ ಲೆಕ್ಕದ ದುಡ್ಡು, ಕೇರಿಗೆ ಬಾರದ ಬಸ್ಸು

ಸುಸ್ಥಿರ ಸಾರಿಗೆ ಅಂತಾರೆ. ಹವಾಮಾನ ಹೊಂದಾಣಿಕೆ ಅಂತಾರೆ. ಹಸಿರು ಅನುದಾನ ಅಂತಾರೆ. ವಿಧಾನಸೌಧದಿಂದ ದಿಲ್ಲಿಯವರೆಗೆ ಅಧಿಕಾರಿಗಳ ಬಾಯಲ್ಲಿ ಈಗ ಇವೇ ಮಾತು. ಹಳೆಯ ಪುರೋಹಿತರು ನಮಗೆ ತಿಳಿಯದ ಮಂತ್ರ ಹೇಳಿ ದಕ್ಷಿಣೆ ಎತ್ತುತ್ತಿದ್ದರು. ಹೊಸ ಪುರೋಹಿತರು ನಮಗೆ ತಿಳಿಯದ ಇಂಗ್ಲಿಷಿನಲ್ಲಿ ಯೋಜನಾ ವರದಿ ಬರೆದು ಎತ್ತುತ್ತಾರೆ. ಮಂತ್ರ ಯಾವುದಾದರೂ ಇರಲಿ. ತಟ್ಟೆಗೆ ಬಿದ್ದ ಕಾಸು ಯಾರದು, ಅದು ಯಾರ ಮನೆ ಸೇರಿತು? ಇಷ್ಟೇ ನಮ್ಮ ಪ್ರಶ್ನೆ.

ನಾವು ಬಸ್ಸಿನ ವಿರೋಧಿಗಳಲ್ಲ. ಮಳೆ ಹೊತ್ತಿಗೆ ಸರಿಯಾಗಿ ಬರಲಿ, ಗಾಳಿ ಕೆಡದಿರಲಿ ಅನ್ನುವ ದರ್ದು ನಮಗಿಂತ ಹೆಚ್ಚಾಗಿ ಯಾರಿಗಿದೆ? ಬಿಸಿಲು ಹೆಚ್ಚಾದರೆ ಕಾರಿನವನು ಗಾಜು ಏರಿಸಿಕೊಳ್ಳುತ್ತಾನೆ. ಕಳೆ ಕೀಳುವವಳು ಏನು ಏರಿಸಿಕೊಳ್ಳಬೇಕು? ಸೆರಗು ಬಿಟ್ಟರೆ ಅವಳಿಗೆ ಬೇರೆ ನೆರಳಿಲ್ಲ. ಹೊಗೆ ಬಿಟ್ಟವರು ಯಾರೋ, ಬೇಯುವವರು ನಾವು. ಆದ್ದರಿಂದ ಈ ದುಡ್ಡಿನ ಲೆಕ್ಕ ಕೇಳುವ ಮೊದಲ ಹಕ್ಕೂ ನಮ್ಮದೇ.

ಈ ದೇಶದಲ್ಲಿ ಗಾಡಿ ಅಂದರೆ ಬರೀ ಚಕ್ರ, ಬರೀ ಎಣ್ಣೆ ಅಲ್ಲ. ಗಾಡಿಗೂ ಜಾತಿ ಇದೆ. 1901ರಲ್ಲಿ ಹುಡುಗ ಭೀಮರಾವ್ ಮಸೂರು ಸ್ಟೇಷನ್ನಿನಲ್ಲಿ ಇಳಿದು ತಂದೆಯಿದ್ದ ಊರಿಗೆ ಹೊರಟಾಗ ಗಾಡಿಯವನು ಜಾತಿ ಕೇಳಿ ಹಿಂದೆ ಸರಿದ. ಎರಡು ಪಟ್ಟು ಬಾಡಿಗೆ ಕೊಟ್ಟ ಮೇಲೂ ಗಾಡಿ ಹೊಡೆದವರು ಮಕ್ಕಳೇ. 1929ರಲ್ಲಿ ಅದೇ ಹುಡುಗ ದೊಡ್ಡ ವಿದ್ವಾಂಸನಾಗಿ, ಅಸ್ಪೃಶ್ಯರ ಕಷ್ಟ ವಿಚಾರಿಸುವ ಸರ್ಕಾರಿ ಸಮಿತಿಯ ಸದಸ್ಯನಾಗಿ ಚಾಳೀಸ್‌ಗಾಂವ್‌ನಲ್ಲಿ ಇಳಿದ. ಟಾಂಗಾದವರು ಹತ್ತಿಸಿಕೊಂಡು ಹೊಡೆಯಲಿಲ್ಲ. ಹೊಡೆದು ಅಭ್ಯಾಸವಿಲ್ಲದ ಕೇರಿಯವನೊಬ್ಬ ಲಗಾಮು ಹಿಡಿದ. ಟಾಂಗಾ ಉರುಳಿ ಬಾಬಾಸಾಹೇಬರ ಕಾಲು ಮುರಿಯಿತು. ಸಾರಿಗೆ ಯೋಜನೆ ಬರೆಯುವ ಮಹನೀಯರು ಈ ಎರಡು ಪ್ರಯಾಣಗಳನ್ನು ಮೊದಲು ಓದಲಿ. ದಾರಿ ಯಾರದು ಅನ್ನುವ ಜಗಳ ಈ ನೆಲದಲ್ಲಿ ಪೆಟ್ರೋಲಿಗಿಂತ ಹಳೆಯದು.

ಈಗ ಸರ್ಕಾರದ ಎಣಿಕೆ ನೋಡಿ. 2011ರ ಜನಗಣತಿಯಲ್ಲಿ ಒಂದು ಪ್ರಶ್ನೆ ಇತ್ತು: ಕೆಲಸಕ್ಕೆ ಎಷ್ಟು ದೂರ ಹೋಗುತ್ತೀರಿ, ಹೇಗೆ ಹೋಗುತ್ತೀರಿ? ಒಳ್ಳೆಯ ಪ್ರಶ್ನೆ. ಆದರೆ ಕೇಳಿದ್ದು ಯಾರನ್ನು? 'ಇತರ ಕೆಲಸಗಾರ'ರನ್ನು ಮಾತ್ರ. ಬೇಸಾಯಗಾರರನ್ನೂ ಕೃಷಿ ಕೂಲಿಗಳನ್ನೂ ಕೇಳಲೇ ಇಲ್ಲ. ಮುಂಜಾನೆ ಬುತ್ತಿ ಕಟ್ಟಿಕೊಂಡು ಇನ್ನೊಬ್ಬರ ಹೊಲಕ್ಕೆ ಎರಡು ಹರದಾರಿ ನಡೆಯುವ ನಮ್ಮ ತಾಯಂದಿರು ಸರ್ಕಾರದ ಪುಸ್ತಕದಲ್ಲಿ ಪ್ರಯಾಣಿಕರೇ ಅಲ್ಲ. ಎಣಿಸದವಳಿಗೆ ಬಸ್ಸು ಯಾಕೆ ಬರುತ್ತೆ? ಎಣಿಸಿದವರಲ್ಲೂ ನಡೆದು, ಸೈಕಲ್ ತುಳಿದು ಹೋಗುವವರು ಕಾರಿನವರಿಗಿಂತ ಹತ್ತಾರು ಪಟ್ಟು ಇದ್ದರು. ಹೊಗೆ ಬಿಡದೆ ಓಡಾಡುವ ಈ ಜನರಿಗೆ ಯಾವ ಹಸಿರು ಬಹುಮಾನ ಬಂತು?

ಬಂದದ್ದು ಯಾರಿಗೆ ಅಂತ ನೋಡೋಣ. 2023ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರ 'ಪಿಎಂ ಇ-ಬಸ್ ಸೇವಾ' ಯೋಜನೆಗೆ ಒಪ್ಪಿಗೆ ಕೊಟ್ಟಿತು. ಒಟ್ಟು ಅಂದಾಜು 57,613 ಕೋಟಿ, ಅದರಲ್ಲಿ ಕೇಂದ್ರದ ಪಾಲು 20,000 ಕೋಟಿ. 169 ನಗರಗಳಿಗೆ 10,000 ವಿದ್ಯುತ್ ಬಸ್ಸು. ನಿಯಮ ಏನು? ಕೆಲವು ಸಣ್ಣ ರಾಜ್ಯಗಳ ರಾಜಧಾನಿಗಳನ್ನು ಬಿಟ್ಟರೆ, 2011ರ ಜನಗಣತಿಯಂತೆ 3 ಲಕ್ಷಕ್ಕೆ ಕಡಿಮೆ ಜನರಿರುವ ಊರಿಗೆ ಇಲ್ಲ. ಹಾಗಾದರೆ ದೇವದುರ್ಗಕ್ಕಿಲ್ಲ, ಪಾವಗಡಕ್ಕಿಲ್ಲ, ಚಾಮರಾಜನಗರಕ್ಕೂ ಇಲ್ಲ. ಹಳ್ಳಿಯ ಮಾತು ಎತ್ತುವುದೇ ಬೇಡ. ಬಸ್ಸು ಖಾಸಗಿ ಕಂಪನಿಯದು, ಓಡಿಸಿದ ಕಿಲೋಮೀಟರಿನ ಲೆಕ್ಕದಲ್ಲಿ ಅದಕ್ಕೆ ದುಡ್ಡು. ಡ್ರೈವರ್ ಕಂಪನಿಯ ಗುತ್ತಿಗೆ ಆಳು. ಸರ್ಕಾರಿ ಸಾರಿಗೆ ನಿಗಮದ ನೇಮಕಾತಿಯಲ್ಲಿ ಮೀಸಲಾತಿ ಇತ್ತು. ಅದನ್ನು ನಂಬಿ ನಮ್ಮ ಹುಡುಗರು ಖಾಕಿ ತೊಟ್ಟರು, ಒಂದು ತಲೆಮಾರು ಕೇರಿಯಿಂದ ತಲೆ ಎತ್ತಿತು. ಕಂಪನಿಯ ಬಸ್ಸಿನಲ್ಲಿ ಮೀಸಲಾತಿ ಎಲ್ಲಿದೆ? ಹೊಗೆಯ ಜೊತೆಗೆ ನಮ್ಮ ಕೆಲಸವನ್ನೂ ಹೊರಗೆ ಬಿಟ್ಟರು.

ಇನ್ನು ಹವಾಮಾನದ ದುಡ್ಡು. 2015ರಲ್ಲಿ ರಾಷ್ಟ್ರೀಯ ಹವಾಮಾನ ಹೊಂದಾಣಿಕೆ ನಿಧಿ ಅಂತ ಮಾಡಿದರು. ಇಡೀ ಭಾರತಕ್ಕೆ ಮೊದಲ ಎರಡು ವರ್ಷಕ್ಕೆ ಇಟ್ಟದ್ದು 350 ಕೋಟಿ. ಕರ್ನಾಟಕಕ್ಕೆ ಸಿಕ್ಕ ಯೋಜನೆ ಯಾವುದು ಗೊತ್ತೇ? ನಾಟಿ ತಳಿಯ ದನ-ಕುರಿಗಳ ರಕ್ಷಣೆ. ದನ ಬದುಕಲಿ, ನಮಗೇನೂ ಹೊಟ್ಟೆಕಿಚ್ಚಿಲ್ಲ. ಆದರೆ ದನದ ಹಿಂದೆ ನಡೆಯುವವನು ಬಿಸಿಲಿಗೆ ಹೇಗೆ ಹೊಂದಿಕೊಳ್ಳಬೇಕು ಅಂತ ಯಾವ ಕಡತದಲ್ಲಿದೆ? 2023ರಲ್ಲಿ ರಾಜ್ಯದ 236 ತಾಲೂಕುಗಳಲ್ಲಿ 223 ಬರಪೀಡಿತ. ರಾಜ್ಯ ಕೇಳಿದ್ದು 18,171 ಕೋಟಿ. ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದ ಮೇಲೆ 2024ರ ಏಪ್ರಿಲ್‌ನಲ್ಲಿ ಬಂದದ್ದು 3,454 ಕೋಟಿ. ಅದೂ ಬೆಳೆ ಪರಿಹಾರವಾಗಿ ಪಹಣಿ ಇದ್ದವರ ಕಡೆ ಹರಿಯಿತು. ಪಹಣಿ ಇಲ್ಲದ ಕೂಲಿಯವನ ಬೆಳೆ ಯಾವುದು? ಅವನ ಬೆಳೆ ಅವನ ರಟ್ಟೆ. ರಟ್ಟೆ ಒಣಗಿದರೆ ಪರಿಹಾರವಿಲ್ಲ.

ಬೆಂಗಳೂರಿನಲ್ಲಿ 2023ರ ನವೆಂಬರಿನಲ್ಲಿ ದೊಡ್ಡ ಹವಾಮಾನ ಕ್ರಿಯಾ ಯೋಜನೆ ಬಿಡುಗಡೆಯಾಯಿತು. 2050ರ ಹೊತ್ತಿಗೆ ಇಂಗಾಲ ಸೊನ್ನೆ ಮಾಡುತ್ತಾರಂತೆ. ಮಾಡಲಿ. ಆದರೆ ಪಾಲಿಕೆ ಸದಸ್ಯರ ಅವಧಿ 2020ರ ಸೆಪ್ಟೆಂಬರಿಗೇ ಮುಗಿದಿತ್ತು. ಯೋಜನೆ ಬಂದ ದಿನ ನಗರದ ಒಂದೇ ಒಂದು ವಾರ್ಡಿಗೂ ಚುನಾಯಿತ ಪ್ರತಿನಿಧಿ ಇರಲಿಲ್ಲ. ರಾಜಕಾಲುವೆಯ ಅಂಚಿನ ಗುಡಿಸಲಿನವಳು ಯಾರ ಮುಂದೆ ಬಾಯಿ ಬಿಡಬೇಕಿತ್ತು? ಇದೇ ನಗರದಲ್ಲಿ ಹೆಬ್ಬಾಳದಿಂದ ಸಿಲ್ಕ್ ಬೋರ್ಡಿಗೆ ಸುಮಾರು 17 ಕಿಲೋಮೀಟರ್ ಸುರಂಗ ಕೊರೆಯಲು 17 ಸಾವಿರ ಕೋಟಿಗೂ ಮೀರಿದ ಅಂದಾಜು. ಬೈಕಿಗೂ ಆಟೋಗೂ ಅಲ್ಲಿ ಪ್ರವೇಶವಿಲ್ಲ ಅನ್ನುತ್ತದೆ ಅದರ ವರದಿ. ಒಂದು ಕಿಲೋಮೀಟರಿಗೆ ಸಾವಿರ ಕೋಟಿ! ವಿದ್ಯುತ್ ಬಸ್ಸೊಂದಕ್ಕೆ ಒಂದೂವರೆ ಕೋಟಿ ಅಂತ ಹಿಡಿದರೂ ಆ ದುಡ್ಡಿಗೆ ಆರುನೂರಕ್ಕೂ ಹೆಚ್ಚು ಬಸ್ಸು ಬರುತ್ತವೆ. ಒಂದು ಕೈಯಲ್ಲಿ ಇಂಗಾಲ ಸೊನ್ನೆ, ಇನ್ನೊಂದು ಕೈಯಲ್ಲಿ ಕಾರಿಗೆ ಸುರಂಗ. ಇದಕ್ಕಿಂತ ಬೂಟಾಟಿಕೆ ಬೇಕೆ?

ಗೆಳೆಯರೇ, ಸರ್ಕಾರಕ್ಕೆ ಸಾರಿಗೆ ಒಂದು ಕಡತ, ಬರ ಒಂದು ಕಡತ, ಪ್ರವಾಹ ಇನ್ನೊಂದು ಕಡತ. ನಮಗೆ ಮೂರೂ ಒಂದೇ ಬದುಕು. ಮಳೆ ಕೈಕೊಟ್ಟರೆ ರಾಯಚೂರಿನ ಕೂಲಿಕಾರರು ಗುಳೆ ಹೊರಡುತ್ತಾರೆ. ರೈಲಿನಲ್ಲಿ ನಿಲ್ಲಲು ಜಾಗವಿಲ್ಲ, ಬಸ್ಸಿಗೆ ಕಾಸಿಲ್ಲ, ಹೆಂಡತಿ ಮಕ್ಕಳು ಗಂಟುಮೂಟೆ ಸಮೇತ ಕ್ರೂಸರ್ ಹತ್ತುತ್ತಾರೆ. 2022ರ ಆಗಸ್ಟಿನಲ್ಲಿ ಹಾಗೆ ಬೆಂಗಳೂರಿಗೆ ಬರುತ್ತಿದ್ದ ರಾಯಚೂರು ಜಿಲ್ಲೆಯ ಕೂಲಿಕಾರರ ಗಾಡಿ ಶಿರಾ ತಾಲೂಕಿನಲ್ಲಿ ಲಾರಿಗೆ ಬಡಿದು 9 ಜನ ಸತ್ತರು. 2025ರ ಜನವರಿಯಲ್ಲಿ ಸವಣೂರಿನಿಂದ ಸಂತೆಗೆ ಹೊರಟ ಬಡ ವ್ಯಾಪಾರಿಗಳು ಹಣ್ಣು-ತರಕಾರಿಯ ಲಾರಿಯಲ್ಲೇ ಕೂತಿದ್ದರು. ಯಲ್ಲಾಪುರದ ಬಳಿ ಲಾರಿ ಉರುಳಿ 10 ಜನ ಹೋದರು. ಪತ್ರಿಕೆಗಳು ಅಪಘಾತ ಅಂತ ಬರೆದವು. ಬಡವರು ಸರಕಿನ ಜೊತೆ ಸರಕಾಗಿ ಸಾಗುವುದು ಅಪಘಾತವಲ್ಲ, ವ್ಯವಸ್ಥೆ.

ಬದುಕಿ ಬೆಂಗಳೂರು ಸೇರಿದವರಿಗೆ ಸಿಗುವುದು ತಗ್ಗಿನ ಶೆಡ್ಡು. 2022ರ ಸೆಪ್ಟೆಂಬರಿನಲ್ಲಿ ಬೆಳ್ಳಂದೂರು, ಮಹದೇವಪುರ ಮುಳುಗಿದಾಗ ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೊರಟ ಸಾಹೇಬರ ಫೋಟೋ ದೇಶವೆಲ್ಲ ನೋಡಿತು. ಅದೇ ನೀರಲ್ಲಿ ಅಕ್ಕಿ ಡಬ್ಬಿ, ಆಧಾರ್ ಕಾರ್ಡು ಕಳೆದುಕೊಂಡ ಕೂಲಿಕಾರರ ಫೋಟೋ ಎಷ್ಟು ಜನ ನೋಡಿದಿರಿ?

ಈಗ ಮುಖ್ಯ ಮಾತಿಗೆ ಬರುತ್ತೇವೆ. ದಲಿತರಿಗೆ ಅಂತಲೇ ದುಡ್ಡು ಇಲ್ಲವೇ? ಇದೆ. 1979ರಲ್ಲಿ ವಿಶೇಷ ಘಟಕ ಯೋಜನೆ ಬಂತು. 2013ರಲ್ಲಿ ಕರ್ನಾಟಕ ಅದನ್ನು ಕಾನೂನು ಮಾಡಿತು. ಹಂಚಬಹುದಾದ ಅಭಿವೃದ್ಧಿ ಹಣದಲ್ಲಿ ಜನಸಂಖ್ಯೆಗೆ ತಕ್ಕಂತೆ ಶೇಕಡ 24.1 ಪರಿಶಿಷ್ಟ ಜಾತಿ, ಪಂಗಡಗಳಿಗೆ. ಇದು ಯಾರೂ ಹಾಕಿದ ಭಿಕ್ಷೆಯಲ್ಲ, ಹೋರಾಟದ ಪಾಲು. ಆದರೆ ಅದರೊಳಗೇ 7(ಡಿ) ಅಂತ ಒಂದು ಕಳ್ಳಗಿಂಡಿ ಇಟ್ಟರು. ರಸ್ತೆಯಂಥ ಕಾಮಗಾರಿಯನ್ನು ಜಾತಿವಾರು ಒಡೆಯಲಾಗದು, ದಲಿತರೂ ಅದರ ಮೇಲೆ ಓಡಾಡುತ್ತಾರೆ, ಆದ್ದರಿಂದ ಅದರ ಖರ್ಚಿನ ಒಂದು ಭಾಗ ದಲಿತರಿಗೆ ಮಾಡಿದ ಖರ್ಚೇ ಅಂತ ಬರೆದುಕೊಳ್ಳುವ ಗಿಂಡಿ. ವರ್ಷಗಟ್ಟಲೆ ಕೂಗಿದ ಮೇಲೆ 2023ರಲ್ಲಿ ಅದನ್ನು ಮುಚ್ಚಿದರು. ನಾವು ಚಪ್ಪಾಳೆ ತಟ್ಟಿದೆವು. ಕೈ ಇಳಿಸುವುದರೊಳಗೆ ಅದೇ ವರ್ಷ 11 ಸಾವಿರ ಕೋಟಿಗೂ ಹೆಚ್ಚು, ಮರುವರ್ಷ 14 ಸಾವಿರ ಕೋಟಿಗೂ ಹೆಚ್ಚು ನಮ್ಮ ಉಪಯೋಜನೆಯ ಹಣವನ್ನು ಗ್ಯಾರಂಟಿಗಳ ಲೆಕ್ಕಕ್ಕೆ ಹಾಕಿದರು. ಅದರಲ್ಲಿ ಬಸ್ಸಿನ 'ಶಕ್ತಿ'ಯೂ ಒಂದು.

2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆ ಒಳ್ಳೆಯದು. ನಮ್ಮ ಅವ್ವಂದಿರು, ಅಕ್ಕಂದಿರು ಯಾರಿಗೂ ಕೈಚಾಚದೆ ಬಸ್ಸು ಹತ್ತುತ್ತಾರೆ. ಸಂತೆಗೆ, ಆಸ್ಪತ್ರೆಗೆ, ಕಾಲೇಜಿಗೆ ಹೋಗುತ್ತಾರೆ. ಇದನ್ನು ಬಿಟ್ಟಿ ಭಾಗ್ಯ ಅಂತ ಆಡಿಕೊಳ್ಳುವ ಹೊಟ್ಟೆತುಂಬಿದವರ ಜೊತೆ ನಮಗೆ ಯಾವ ಮಾತೂ ಇಲ್ಲ. ಆದರೆ ಸರ್ಕಾರ ಹೇಳುತ್ತದೆ: ಆ ಹಣ ದಲಿತ ಫಲಾನುಭವಿಗಳಿಗೇ ಹೋಗಿದೆ, ತಪ್ಪೇನು? ತಪ್ಪು ಇಷ್ಟು. ಒಂದೇ ಬಸ್ಸು, ಒಂದೇ ಸೀಟು. ಗೌಡರ ಮನೆಯ ಹೆಣ್ಣುಮಗಳ ಟಿಕೇಟಿನ ದುಡ್ಡು ಎಲ್ಲರ ಖಜಾನೆಯಿಂದ ಬರುತ್ತದೆ. ಪಕ್ಕದಲ್ಲಿ ಕೂತ ನಮ್ಮ ಹೆಣ್ಣುಮಗಳ ಟಿಕೇಟಿನ ದುಡ್ಡು ಕೇರಿಯ ಪಾಲಿನಿಂದ ಕಡಿತವಾಗುತ್ತದೆ. ಆಕೆ ನಾಗರಿಕಳಾಗಿ ಪ್ರಯಾಣ ಮಾಡಿದಳು, ಈಕೆ ತನ್ನ ಹಾಸ್ಟೆಲು, ತನ್ನ ಭೂಮಿ, ತನ್ನ ಬೋರ್‌ವೆಲ್ ಮಾರಿ ಪ್ರಯಾಣ ಮಾಡಿದಳು. ಬಸ್ಸಿನೊಳಗೆ ಅಳಿಸಿದ ಗೆರೆಯನ್ನು ಲೆಕ್ಕದ ಪುಸ್ತಕದಲ್ಲಿ ಮತ್ತೆ ಎಳೆದರಲ್ಲ! ಕಂಡಕ್ಟರು ಜಾತಿ ಕೇಳುವುದಿಲ್ಲ, ಟಿಕೇಟಿನ ಮೇಲೆ ಜಾತಿ ಇಲ್ಲ. ಹಾಗಿದ್ದ ಮೇಲೆ ನಮ್ಮವರು ಎಷ್ಟು ಸಲ ಹತ್ತಿದರು ಅಂತ ಎಣಿಸಿದವರು ಯಾರು ಸ್ವಾಮಿ? ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ ಅಂದರೆ ಇದೇ.

ಕೆಲವು ಪ್ರಗತಿಪರ ಗೆಳೆಯರು ಪಿಸುಗುಡುತ್ತಾರೆ: ಈಗ ಇದನ್ನೆತ್ತಬೇಡಿ, ಕೋಮುವಾದಿಗಳಿಗೆ ಅನುಕೂಲವಾಗುತ್ತೆ. ನಮ್ಮ ಬಾಯಿ ಮುಚ್ಚಿಸಲು ಪ್ರತಿ ಕಾಲಕ್ಕೂ ಒಂದು ಒಳ್ಳೆಯ ಕಾರಣ ಸಿಕ್ಕಿದೆ. ಲೆಕ್ಕ ಕೇಳದ ಗೆಳೆತನ ಗೆಳೆತನವಲ್ಲ, ಜೀತ.

ಆದ್ದರಿಂದ ನಮ್ಮ ಬೇಡಿಕೆ ನೇರವಾಗಿದೆ.

ಒಂದು: ಶಕ್ತಿ ಮುಂದುವರಿಯಲಿ, ಅದರ ಪೂರ್ತಿ ಖರ್ಚು ಸಾಮಾನ್ಯ ಖಜಾನೆಯದಾಗಲಿ. ಉಪಯೋಜನೆಯಿಂದ ಎತ್ತಿದ ಹಣ ವಾಪಸು ಬರಲಿ.

ಎರಡು: ಸಾರಿಗೆಗೆ, ಹವಾಮಾನಕ್ಕೆ ಬರುವ ಪ್ರತಿ ಅನುದಾನದ ಯೋಜನೆ ಕನ್ನಡದಲ್ಲಿ ಗ್ರಾಮಸಭೆ, ವಾರ್ಡ್‌ಸಭೆಗಳ ಮುಂದೆ ಬರಲಿ. ಯಾವ ಕೇರಿಗೆ ಎಷ್ಟು ಅಂತ ಗೋಡೆಯ ಮೇಲೆ ಬರೆಯಲಿ.

ಮೂರು: ಬಸ್ಸಿಗೆ ಅನುದಾನ ಪಡೆವ ಕಂಪನಿ ಮೀಸಲಾತಿಯಂತೆ ನೇಮಕ ಮಾಡಲಿ, ಡ್ರೈವರಿಗೆ ಕಾಯಂ ಕೆಲಸ ಕೊಡಲಿ.

ನಾಲ್ಕು: ಕೂಲಿಯ ಹೊತ್ತಿಗೆ, ಶಾಲೆಯ ಹೊತ್ತಿಗೆ ಹಳ್ಳಿಗೆ ಬಸ್ಸು ಬರಲಿ, ಕೇರಿಯ ಮುಂದೆ ನಿಲ್ಲಲಿ. ತಗ್ಗಿನ ಕೇರಿಗಳಿಗೆ ಎತ್ತರದ ಜಾಗ, ಹೆಣ್ಣುಮಕ್ಕಳ ಹೆಸರಿನ ಹಕ್ಕುಪತ್ರ ಸಿಗಲಿ.

ಮೇಷ್ಟ್ರುಗಳೇ, ನಿಮ್ಮ ಶಾಲೆಗೆ ಯಾವ ಮಗು ಎಷ್ಟು ದೂರ ನಡೆದು ಬರುತ್ತದೆ ಅಂತ ಹಾಜರಿ ಪುಸ್ತಕದ ಪಕ್ಕದಲ್ಲೇ ಬರೆದಿಡಿ. ವಿದ್ಯಾರ್ಥಿಗಳೇ, ನಿಮ್ಮ ತಾಲೂಕಿಗೆ ಬಂದ ಉಪಯೋಜನೆಯ ಹಣ ಎಲ್ಲಿ ಹೋಯಿತು ಅಂತ ಮಾಹಿತಿ ಹಕ್ಕಿನಲ್ಲಿ ಹತ್ತು ರೂಪಾಯಿ ಕಟ್ಟಿ ಅರ್ಜಿ ಹಾಕಿ. ಕಾರ್ಯಕರ್ತರೇ, ಬೇಸಿಗೆಯಲ್ಲಿ ಯಾವ ಹೊಲಕ್ಕೆ ಎಷ್ಟು ಜನ ನಡೆದರು, ಯಾವ ಗಾಡಿಯಲ್ಲಿ ಎಷ್ಟು ಜನ ಗುಳೆ ಹೋದರು ಅಂತ ಎಣಿಸಿ. ಸರ್ಕಾರ ಎಣಿಸದಿದ್ದರೆ ನಾವು ಎಣಿಸೋಣ. ಆ ಪಟ್ಟಿ ಹಿಡಿದು ಮುಂದಿನ ಬಜೆಟ್ಟಿಗೆ ಮೊದಲೇ ಪ್ರತಿ ತಾಲೂಕು ಕಚೇರಿಯ ಮುಂದೆ ಕೂರೋಣ.